ಬೆನ್ನೆಲುಬಿನ ಸಂಧಿವಾತವೂ ರಕ್ತದೊಳಗಿನ ಗುರುತೂ

ಇಪ್ಪತ್ತು ವರ್ಷದ ತರುಣನೊಬ್ಬನಿಗೆ ಬೆಳಗಿನ ಜಾವ ಸೊಂಟದ ನೋವಿನಿಂದ ಎಚ್ಚರವಾಗುತ್ತದೆ. ಏಳುವಾಗ ಬೆನ್ನು ಬಿಗಿದುಕೊಂಡಿರುತ್ತದೆ. ಓಡಾಡಿದರೆ ನೋವು ಇಳಿಯುತ್ತದೆ, ಮಲಗಿದರೆ ಹೆಚ್ಚುತ್ತದೆ. ಇದು ಭಾರವೆತ್ತಿ ಉಳುಕಿದ ಬೆನ್ನಿನ ಲಕ್ಷಣವಲ್ಲ. ಅಂಥ ನೋವಿಗೆ ವಿಶ್ರಾಂತಿಯಿಂದ ಹಿತವಾಗುವುದು. ಈ ಸ್ಥಿತಿ ಮೂರು ತಿಂಗಳಿಗೂ ಹೆಚ್ಚು ಕಾಲ ಮುಂದುವರಿದರೆ ವೈದ್ಯರು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ರೋಗವನ್ನು ಶಂಕಿಸುವರು. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ ಸೊಂಟದ ಮತ್ತು ಬೆನ್ನೆಲುಬಿನ ಕೀಲುಗಳಲ್ಲಿ ಉರಿಯೂತವನ್ನುಂಟುಮಾಡುವುದೇ ಈ ರೋಗ. ಕೆಲವರಲ್ಲಿ ವರ್ಷಗಳು ಕಳೆದಂತೆ ಬೆನ್ನೆಲುಬಿನ ಮಣಿಗಳು ಒಂದಕ್ಕೊಂದು ಬೆಸೆದು ಬೆನ್ನು ಬಾಗದಂತಾಗುವುದೂ ಉಂಟು.

ಇಂಥ ಸಂದರ್ಭದಲ್ಲಿ ವೈದ್ಯರು ‘ಎಚ್‌ಎಲ್‌ಎ-ಬಿ 27’ ಎಂಬ ರಕ್ತಪರೀಕ್ಷೆಯನ್ನು ಮಾಡಿಸುವುದುಂಟು. ವರದಿ ‘ಪಾಸಿಟಿವ್’ ಎಂದು ಬಂದರೆ ರೋಗವಿದೆ ಎಂದೇ ಅರ್ಥವೇ? ಇದನ್ನು ವಿಚಾರಿಸೋಣ.

ಗುರುತು ಯಾವುದು?

ಕೆಂಪು ರಕ್ತಕಣಗಳ ಮೇಲಿನ ಗುರುತುಗಳಿಂದ ಎ, ಬಿ, ಒ ಎಂಬ ರಕ್ತದ ಗುಂಪುಗಳಾಗಿರುವುದನ್ನು ವಿದ್ಯಾರ್ಥಿಗಳು ಬಲ್ಲರು. ಬಿಳಿಯ ರಕ್ತಕಣಗಳ ಮೇಲೆಯೂ ಬೇರೊಂದು ಬಗೆಯ ಗುರುತುಗಳಿವೆ. ಅವುಗಳಲ್ಲಿ ಮೊದಲನೆಯದನ್ನು ಫ್ರಾನ್ಸಿನ ಜಾನ್ ದೋಸೆ 1958ರಲ್ಲಿ ವಿವರಿಸಿದರು. ಎಚ್‌ಎಲ್‌ಎ ಎಂಬ ಹೆಸರಿನ ಈ ಪ್ರೋಟೀನುಗಳು ಜೀವಕೋಶದೊಳಗಿನ ಪ್ರೋಟೀನುಗಳ ಚೂರುಗಳನ್ನು ಹೊರಮೈಯಲ್ಲಿ ಹಿಡಿದು ರಕ್ಷಣಾ ಕಣಗಳಿಗೆ ತೋರಿಸುತ್ತವೆ. ಬಿ 27 ಅವುಗಳಲ್ಲೊಂದು. ಇದರ ಜೀನ್ 6ನೆಯ ವರ್ಣತಂತುವಿನಲ್ಲಿದೆ. ತಂದೆ ಅಥವಾ ತಾಯಿಯ ಒಂದು ವರ್ಣತಂತುವಿನಲ್ಲಿ ಮಾತ್ರ ಅದು ಇದ್ದರೆ, ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧದಷ್ಟು.

1973ರಲ್ಲಿ ಲಂಡನ್ನಿನ ಬ್ರೂವರ್ಟನ್ ಮತ್ತು ಅವರ ಸಂಗಡಿಗರು ಈ ರೋಗವುಳ್ಳ 75 ಮಂದಿಯನ್ನು ಪರೀಕ್ಷಿಸಿದರು. 72 ಮಂದಿಯಲ್ಲಿ ಬಿ 27 ಕಂಡುಬಂದಿತು. ರೋಗವಿಲ್ಲದ 75 ಮಂದಿಯಲ್ಲಿ ಅದಿದ್ದುದು ಮೂವರಲ್ಲಿ ಮಾತ್ರ. ಅದೇ ವರ್ಷ ಲಾಸ್ ಏಂಜಲೀಸ್‌ನ ಸಂಶೋಧಕರೂ ಸ್ವತಂತ್ರವಾಗಿ ಇಂಥದೇ ಫಲಿತಾಂಶವನ್ನು ಪಡೆದರು.

ಪರೀಕ್ಷೆಯ ವಿಧಾನ

ಆ ಕಾಲದ ಪರೀಕ್ಷೆ ಸ್ವಾರಸ್ಯವಾದುದು. ಗರ್ಭಧಾರಣೆಯ ಸಮಯದಲ್ಲಿ, ಶಿಶುವಿಗೆ ತಂದೆಯಿಂದ ಬಂದ ಗುರುತುಗಳ ವಿರುದ್ಧ ಕೆಲವು ತಾಯಂದಿರ ರಕ್ತದಲ್ಲಿ ಪ್ರತಿಕಾಯಗಳು ಹುಟ್ಟುತ್ತವೆ. ಅಂಥ ರಕ್ತದ ಸೀರಮಿನ ತೊಟ್ಟಿಗೆ ಪರೀಕ್ಷಿಸಬೇಕಾದ ಬಿಳಿಯ ಕಣಗಳನ್ನು ಸೇರಿಸಿ, ಬಳಿಕ ಮೊಲದ ಸೀರಮನ್ನೂ ಬಣ್ಣವನ್ನೂ ಹಾಕುತ್ತಿದ್ದರು. ಕಣದ ಮೇಲೆ ಗುರುತಿದ್ದರೆ ಪ್ರತಿಕಾಯ ಅದಕ್ಕೆ ಅಂಟುವುದು, ಮೊಲದ ಸೀರಮಿನಲ್ಲಿರುವ ಪ್ರೋಟೀನುಗಳು ಕಣದ ಪೊರೆಯನ್ನು ತೂತುಮಾಡುವುವು, ಬಣ್ಣ ಒಳನುಗ್ಗುವುದು. ಬಣ್ಣ ಹೀರಿದ ಸತ್ತ ಕಣಗಳೇ ಗುರುತಿನ ಸಾಕ್ಷಿ! ಇಂದು ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯಗಳಿಂದಲೋ ಡಿಎನ್‌ಎ ಪರೀಕ್ಷೆಯಿಂದಲೋ ಇದನ್ನು ತಿಳಿಯುವರು. ಹುಟ್ಟಿನಿಂದ ಬಂದ ಜೀನ್ ಬದಲಾಗದ ಕಾರಣ ಸರಿಯಾಗಿ ಒಮ್ಮೆ ಪರೀಕ್ಷಿಸಿದರೆ ಸಾಕು.

ಲೆಕ್ಕ ಹೇಳುವ ಪಾಠ

ಯುರೋಪ್ ಮೂಲದ ಜನರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಬಿ 27 ಇದೆ. ಅಂಥ 10,000 ಮಂದಿಯನ್ನು ತೆಗೆದುಕೊಂಡರೆ ಗುರುತುಳ್ಳವರು 800. ಅವರಲ್ಲಿ ಈ ರೋಗ ಬರುವುದು ನೂರಕ್ಕೆ ಸುಮಾರು 5 ಮಂದಿಗೆ ಎಂದಿಟ್ಟುಕೊಂಡರೆ, ರೋಗಿಗಳು 40. ಉಳಿದ 760 ಮಂದಿಗೆ ಗುರುತಿದ್ದೂ ಈ ರೋಗವಿಲ್ಲ. ನೀರಿನಲ್ಲಿ ಮುಳುಗಿದವರೆಲ್ಲರೂ ನೀರಿಗಿಳಿದವರೇ, ನೀರಿಗಿಳಿದವರೆಲ್ಲರೂ ಮುಳುಗುವುದಿಲ್ಲವಷ್ಟೆ. ರೋಗಿಗಳಲ್ಲಿ ಬಹುಮಂದಿಗೆ ಗುರುತಿದೆ ಎಂಬ ಮಾತಿಗೂ, ಗುರುತುಳ್ಳವರಲ್ಲಿ ಬಹುಮಂದಿ ರೋಗಿಗಳು ಎಂಬ ಮಾತಿಗೂ ಇರುವ ಅಂತರ ಇದೇ.

ಇನ್ನೊಂದು ಕಡೆ, ಗುರುತಿಲ್ಲದೆಯೂ ರೋಗ ಬಂದವರುಂಟು. ಲಂಡನ್ನಿನ ಆ 75 ರೋಗಿಗಳಲ್ಲಿಯೇ ಮೂವರು ಅಂಥವರು. ಆದುದರಿಂದ ‘ನೆಗೆಟಿವ್’ ವರದಿಯನ್ನು ನಂಬಿ ನೋವನ್ನು ಅಲಕ್ಷಿಸುವುದೂ ತಪ್ಪು.

ಹಾಗಾದರೆ ಪರೀಕ್ಷೆಯ ಪ್ರಯೋಜನವೇನು? ಆರೋಗ್ಯವಂತನಲ್ಲಿ ಅದು ಹೇಳುವುದು ಅಲ್ಪ. ಆದರೆ ಮೊದಲು ಹೇಳಿದ ತರುಣನಂತೆ, ಲಕ್ಷಣಗಳಿಂದಲೇ ಸಂದೇಹ ಹುಟ್ಟಿರುವಾಗ, ಅದು ಆ ಸಂದೇಹವನ್ನು ಬಲಪಡಿಸುತ್ತದೆ. ಎಕ್ಸ್‌ರೇ ಚಿತ್ರದಲ್ಲಿ ಬದಲಾವಣೆ ಮೂಡುವುದಕ್ಕೆ ವರ್ಷಗಳು ಬೇಕಾಗಬಹುದಾದ್ದರಿಂದ ಈ ನೆರವು ಬೆಲೆಯುಳ್ಳದ್ದು. ರೋಗವನ್ನು ಬೇಗ ಗುರುತಿಸಿದರೆ ವ್ಯಾಯಾಮದಿಂದಲೂ ಔಷಧಗಳಿಂದಲೂ ನೋವನ್ನು ತಗ್ಗಿಸಿ ಬೆನ್ನಿನ ಚಲನೆಯನ್ನು ಕಾಪಾಡಿಕೊಳ್ಳುವುದು ಸುಲಭ. ಕಾಗದದ ಮೇಲಿನ ಒಂದು ಪದವನ್ನು ಕಂಡು ಧೈರ್ಯಗೆಡುವುದೂ ಸಲ್ಲದು, ಮೈಮರೆಯುವುದೂ ಸಲ್ಲದು. ನೋವಿನ ಕಥೆಯೊಡನೆ ಸೇರಿಸಿ ಓದಿದಾಗಲೇ ಆ ವರದಿಗೆ ಅರ್ಥ.