ಫಿಶ್ ಪಾಂಡ್ ಡಬ್ಬಿ ತೆರೆಯುವ ಮುನ್ನ

ಎಸ್ಸೆಸ್ಸೆಲ್ಸಿ ಮಕ್ಕಳ ಬೀಳ್ಕೊಡುಗೆಗೆ ನಮ್ಮ ಶಾಲೆಗಳಲ್ಲಿ ಒಂದು ಸಿದ್ಧ ಕ್ರಮವಿದೆ. ಸರಸ್ವತಿ ಪೂಜೆ, ಪ್ರಾರ್ಥನೆ, ಸ್ವಾಗತ, ಅತಿಥಿಗಳ ಹಿತವಚನ, ಒಂಬತ್ತನೇ ತರಗತಿಯವರು ಕೊಡುವ ಪೆನ್ನು, ನಡುವೆ ಗಂಟಲು ಕಟ್ಟುವ ಒಂದೆರಡು ಭಾಷಣ, ಕೊನೆಗೆ ಉಪಾಹಾರ. ಮಕ್ಕಳು ನಿಜವಾಗಿ ಕಾಯುವುದು ಮಾತ್ರ ಫಿಶ್ ಪಾಂಡ್‌ಗೆ. ಗೆಳೆಯರ ಮೇಲೆ, ಮೇಷ್ಟ್ರ ಮೇಲೆ ಒಂದೊಂದು ಸಾಲಿನ ತಮಾಷೆ ಬರೆದು ಡಬ್ಬಿಗೆ ಹಾಕುತ್ತಾರೆ, ವೇದಿಕೆಯಲ್ಲಿ ಒಂದೊಂದೇ ಚೀಟಿ ಎತ್ತಿ ಓದುತ್ತಾರೆ. ಕಾಲೇಜುಗಳಲ್ಲಿ ಹಳೆಯದಾದ ಈ ಆಟ ಪ್ರೌಢಶಾಲೆಗಳಲ್ಲೂ ಇದೆ. ಇದರ ತಂಟೆಯೇ ಬೇಡ ಎನ್ನುವ ಮುಖ್ಯ ಶಿಕ್ಷಕರ ಅಂಜಿಕೆಗೂ ಕಾರಣವಿಲ್ಲದಿಲ್ಲ. ಯಾರು ಬರೆದರೆಂದು ತಿಳಿಯದ ಚೀಟಿಯಲ್ಲಿ ತಮಾಷೆಯೂ ಬರುತ್ತದೆ, ವರ್ಷಗಟ್ಟಲೆ ಒಳಗಿಟ್ಟುಕೊಂಡ ಹಗೆಯೂ ಬರುತ್ತದೆ. ಹಾಗೆಂದು ಆಟವನ್ನೇ ನಿಲ್ಲಿಸಬೇಕಿಲ್ಲ. ಚೀಟಿಗಳನ್ನು ಓದಿ, ಆರಿಸಿ, ತಿದ್ದುವ ವ್ಯವಸ್ಥೆಯೊಂದಿದ್ದರೆ ಸಾಕು. ಹಾಗೆ ತಿದ್ದಿದರೆ ನಗು ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ ಎಂಬುದೇ ಇಲ್ಲಿನ ವಾದ.

ತಯಾರಿ ಎರಡು ವಾರ ಮೊದಲೇ ಶುರುವಾಗಲಿ. ಸಮಾರಂಭಕ್ಕೆ ಪೂರ್ವಸಿದ್ಧತಾ ಪರೀಕ್ಷೆ ಮುಗಿದು, ಮುಖ್ಯ ಪರೀಕ್ಷೆಗೆ ಇನ್ನೂ ಬಿಡುವಿರುವ ದಿನ ಒಳ್ಳೆಯದು. ಹಾಲ್ ಟಿಕೆಟ್ ಕೈಗೆ ಬಂದ ಮೇಲೆ ಯಾರಿಗೂ ನಗುವ ಮನಸ್ಸಿರುವುದಿಲ್ಲ. ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು, ಒಬ್ಬ ಶಿಕ್ಷಕರು ಮತ್ತು ನಾಲ್ಕು ಮಕ್ಕಳ ಪುಟ್ಟ ತಂಡ ಕಟ್ಟಿ. ಮಕ್ಕಳು ಸಲುಗೆಯಿಂದ ಮಾತಾಡುವ ಶಿಕ್ಷಕರಾದರೆ ಉತ್ತಮ. ಶಿಸ್ತಿನ ಉಸ್ತುವಾರಿ ಹೊತ್ತವರು ಬೇಡ. ನಾಲ್ವರಲ್ಲಿ ಇಬ್ಬರು ಹುಡುಗಿಯರಿರಲಿ, ಒಬ್ಬರಾದರೂ ಕೊನೆಯ ಬೆಂಚಿನವರಿರಲಿ. ತರಗತಿಯಲ್ಲಿ ನಡೆದ ತಮಾಷೆಗಳ ಪೂರ್ತಿ ದಾಖಲೆ ಇರುವುದು ಆ ಬೆಂಚಿನಲ್ಲೇ.

ಡಬ್ಬಿ ಇಡುವಾಗ ಒಂದು ನಿಯಮ ಹೇಳಿಬಿಡಿ: ಚೀಟಿಯ ಹಿಂದೆ ಬರೆದವರ ಹೆಸರು ಇರಬೇಕು. ಅದು ತಂಡಕ್ಕೆ ಮಾತ್ರ ತಿಳಿಯುತ್ತದೆ, ವೇದಿಕೆಯಲ್ಲಿ ಓದುವುದಿಲ್ಲ. ಹೆಸರು ಬರೆಯಿರಿ ಎಂದರೆ ಮಕ್ಕಳು ಹೆದರಿ ಏನೂ ಬರೆಯುವುದಿಲ್ಲ ಎಂಬ ಆಕ್ಷೇಪ ಏಳಬಹುದು. ಆದರೆ ಹೆಸರು ಹಾಕಲು ಅಂಜಿಕೆಯಾಗುವ ಚೀಟಿ ಬಾರದಿದ್ದರೆ ನಷ್ಟವೇನೂ ಇಲ್ಲ. ಕೈ ಬೀಸಿ ನಡೆಯುವ ವಿಜ್ಞಾನ ಮೇಷ್ಟ್ರ ಬಗ್ಗೆ ಬರೆಯಲು ಯಾರೂ ಹೆದರುವುದಿಲ್ಲ; ಹೆದರುವುದು ಪಕ್ಕದವಳ ಬಣ್ಣದ ಬಗ್ಗೆ ಬರೆಯುವಾಗ.

ಮುಖ್ಯ ಕೆಲಸ ಆಮೇಲಿನದು. ಚೀಟಿಗಳನ್ನು ಹರಡಿಕೊಂಡು ಒಂದೊಂದಕ್ಕೂ ಒಂದು ಪರೀಕ್ಷೆ ಇಡಿ: ಹೆಸರು ಅಳಿಸಿ ಬೇರೆ ಶಾಲೆಯ ಯಾವುದೋ ಹುಡುಗನ ಹೆಸರು ಬರೆದರೂ ಈ ಸಾಲು ನಡೆಯುತ್ತದೆಯೇ? ನಡೆಯುವುದಾದರೆ ಅದು ಸೋಮಾರಿ ಚೀಟಿ. ದಪ್ಪಗಿರುವವನನ್ನು ಡುಮ್ಮ ಎನ್ನಲು ಮೂರು ವರ್ಷ ಅವನ ಜೊತೆ ಓದಬೇಕಿಲ್ಲ, ದಾರಿಹೋಕನೂ ಅಂದುಬಿಡಬಹುದು. ಅದೇ ಹುಡುಗ ಕಬಡ್ಡಿ ಅಂಕಣದಲ್ಲಿ ಔಟಾದಾಗಲೆಲ್ಲ ವಾದಕ್ಕೆ ನಿಲ್ಲುವವನಾಗಿದ್ದರೆ, “ಎಂಟನೇ ತರಗತಿಯಲ್ಲಿ ಔಟಾದದ್ದಕ್ಕೆ ಇನ್ನೂ ಮೇಲ್ಮನವಿ ಹಾಕುತ್ತಿರುವ ವಕೀಲರು” ಎಂದು ಬರೆಯಿರಿ. ಇಡೀ ತರಗತಿ ನಗುತ್ತದೆ, ಅವನೂ ನಗುತ್ತಾನೆ, ಯಾಕೆಂದರೆ ಆ ಮಾತು ಅವನೊಬ್ಬನಿಗೇ ಸಲ್ಲುತ್ತದೆ. ದಿನಾ ತಡವಾಗಿ ಬರುವವಳಿಗೆ “ಕೆಂಪು ಬಸ್ಸಿನ ಮೇಲೆ ಇವರು ಹೊರಿಸಿದ ಸುಳ್ಳು ಆರೋಪಗಳ ವಿಚಾರಣೆ ಇನ್ನೂ ಬಾಕಿ” ಎನ್ನಬಹುದು. ಚಾಕ್‌ಪೀಸ್ ತರಲು ಹೋಗಿ ಪೀರಿಯಡ್ ಮುಗಿದ ಮೇಲೆ ಮರಳುವವನಿಗೆ ಕಾಶಿಯಾತ್ರೆಯ ಪ್ರಮಾಣಪತ್ರ ಕೊಡಬಹುದು. ನೋಡಿ ಬರೆದದ್ದಕ್ಕೂ ನೋಡದೆ ಬರೆದದ್ದಕ್ಕೂ ಇರುವ ವ್ಯತ್ಯಾಸ ಇಷ್ಟೇ.

ನಮ್ಮ ಹಾಸ್ಯ ಸಾಹಿತ್ಯವೂ ಇದಕ್ಕೆ ಸಾಕ್ಷಿ. ವೈದ್ಯರಾಗಿದ್ದ ರಾ. ಶಿ. 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಪತ್ರಿಕೆ ಹಾಸ್ಯವನ್ನೇ ಬಂಡವಾಳವಾಗಿಟ್ಟುಕೊಂಡು ದಶಕಗಳ ಕಾಲ ನಡೆಯಿತು. ನಾ. ಕಸ್ತೂರಿಯವರು ನಿಘಂಟಿನ ಗಂಭೀರ ವೇಷದಲ್ಲೇ ‘ಅನರ್ಥಕೋಶ’ ಬರೆದು ಪದಗಳ ಅರ್ಥವನ್ನು ಬುಡಮೇಲು ಮಾಡಿದರು. ಬೀಚಿಯವರು ಆತ್ಮಕಥೆಗೆ ‘ನನ್ನ ಭಯಾಗ್ರಫಿ’ ಎಂದು ಹೆಸರಿಟ್ಟು ಮೊದಲ ಪೆಟ್ಟು ತಮಗೇ ಕೊಟ್ಟುಕೊಂಡರು. ಬೀಳ್ಕೊಡುಗೆಗೆ ಇವು ಮೂರೂ ಸಿದ್ಧ ಮಾದರಿಗಳು: ಗೋಡೆಪತ್ರಿಕೆಯ ನಗೆ ಸಂಚಿಕೆ, ತರಗತಿಯದೇ ಒಂದು ಅನರ್ಥಕೋಶ (‘ಹೋಂವರ್ಕ್: ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಶಾಲೆಯಲ್ಲೇ ಮಾಡುವ ಕೆಲಸ’), ಮತ್ತು ತನ್ನ ಮೇಲೆ ತಾನೇ ಬರೆದುಕೊಂಡ ಚೀಟಿ. ಮೂರನೆಯದು ಎಲ್ಲಕ್ಕಿಂತ ಸುರಕ್ಷಿತ. ತಂಡದ ನಾಲ್ವರೂ ತಮ್ಮ ಚೀಟಿಯನ್ನು ತಾವೇ ಬರೆದು ಮೊದಲು ಓದಿಬಿಟ್ಟರೆ ಉಳಿದವರ ಬಿಗುಪು ಅರ್ಧ ಇಳಿಯುತ್ತದೆ.

ಕೆಲವು ವಿಷಯಗಳಿಗೆ ಪರೀಕ್ಷೆಯೂ ಬೇಡ, ನೇರ ತಿರಸ್ಕಾರ. ಮೈಬಣ್ಣ, ಮೈಕಟ್ಟು, ತೊದಲು, ಜಾತಿ, ಧರ್ಮ, ಅಪ್ಪನ ಕೆಲಸ, ಮನೆಯ ಬಡತನ ಒಂದು ಗುಂಪು. ಹುಡುಗ ಹುಡುಗಿಯ ಹೆಸರು ಜೋಡಿಸುವುದು ಇನ್ನೊಂದು. ಇದು ಹುಡುಗನಿಗೆ ಒಂದು ದಿನದ ಶಿಳ್ಳೆ. ಹುಡುಗಿಯ ಪಾಲಿಗೆ ಊರಿಗೆ ಹಬ್ಬುವ ಸುದ್ದಿ, ಕೆಲವು ಮನೆಗಳಲ್ಲಿ ಮುಂದಿನ ಓದು ನಿಲ್ಲಿಸಲು ಸಿಕ್ಕ ನೆಪ. ಅಂಕಗಳ ತಮಾಷೆಯೂ ಬೇಡ. 625ಕ್ಕೆ ಎಷ್ಟು ಬರುತ್ತದೋ ಎಂಬ ಚಿಂತೆ ಹೊತ್ತು ಕೂತವನಿಗೆ ‘ಈ ಸಲವೂ ಗಣಿತ ಬಾಕಿ’ ಎಂದರೆ ಅದು ಶಾಪದಂತೆ ಕೇಳುತ್ತದೆ. “ತಮಾಷೆಗೆ ಅಂದದ್ದು, ಇಷ್ಟು ಸೂಕ್ಷ್ಮವಾದರೆ ಹೇಗೆ” ಎಂದು ವಾದಿಸುವವರು ಒಂದನ್ನು ಗಮನಿಸಬೇಕು. ಗೆಳೆಯರ ಗುಂಪಿನಲ್ಲಿ ಅದೇ ಮಾತು ಕೇಳಿದವನು ತಿರುಗಿಸಿ ಅನ್ನಬಲ್ಲ. ಮೈಕಿನ ಮುಂದೆ, ಮುನ್ನೂರು ಜನರ ಎದುರು, ಯಾರು ಬರೆದರೆಂದೇ ತಿಳಿಯದೆ ಕೂತವನಿಗೆ ಆ ಅವಕಾಶವಿಲ್ಲ. ಬಿಸಿಯೂಟದ ಅಡುಗೆಯವರ ಮೇಲೆ, ಶಾಲೆಯ ಜವಾನರ ಮೇಲೆ ಚೀಟಿ ಬೇಡ ಎನ್ನುವುದೂ ಇದೇ ಕಾರಣಕ್ಕೆ. ಅವರು ವೇದಿಕೆಯಲ್ಲಿ ಮರುಮಾತಾಡುವ ಜಾಗದಲ್ಲಿಲ್ಲ.

ಇನ್ನು ಮೇಷ್ಟ್ರುಗಳಿದ್ದಾರೆ. ಅವರ ಮೇಲೆ ಧಾರಾಳವಾಗಿ ಬರೆಯಬಹುದು. ಗುರುಗಳನ್ನು ಹಾಸ್ಯ ಮಾಡುವುದು ಸಂಸ್ಕಾರವಲ್ಲ ಎನ್ನುವವರಿಗೆ ಯಕ್ಷಗಾನದ ಹಾಸ್ಯಗಾರನನ್ನು ತೋರಿಸಬೇಕು. ಅರಸನ ಎದುರೇ ನಿಂತು ಅವನ ಆಡಂಬರವನ್ನು ಚುಚ್ಚುತ್ತಾನೆ, ಆದರೆ ಪ್ರಸಂಗದ ಚೌಕಟ್ಟು ದಾಟುವುದಿಲ್ಲ. ಶಾಲೆಯಲ್ಲಿ ಆ ಚೌಕಟ್ಟು ಪಾಠದ ರೀತಿ, ಮೆಚ್ಚಿನ ಬೈಗುಳ, ಪದೇ ಪದೇ ಬರುವ ಮಾತು. ಪಿ.ಟಿ. ಪೀರಿಯಡ್ಡನ್ನೆಲ್ಲ ತೆಗೆದುಕೊಂಡ ಗಣಿತ ಮೇಷ್ಟ್ರಿಗೆ “ಆಟದ ಮೈದಾನದ ಒತ್ತುವರಿ ತೆರವಿಗೆ ಏಳು ದಿನಗಳ ನೋಟಿಸು” ಕೊಡಿ. “ಕೊನೆಯ ಐದು ನಿಮಿಷ” ಎಂದು ಅರ್ಧ ಗಂಟೆ ಹಿಡಿಯುವ ಸಮಾಜದ ಮೇಡಂಗೆ ಒಂದು ಗೋಡೆ ಗಡಿಯಾರದ ಚಿತ್ರ ಬರೆದುಕೊಟ್ಟರೂ ಆಯಿತು. ಅವರ ಸಂಸಾರ, ಉಡುಪು, ವರ್ಗಾವಣೆಯ ಸುದ್ದಿ ಚೌಕಟ್ಟಿನ ಆಚೆಗಿನದು.

ಇನ್ನೊಂದು ಕೆಲಸವನ್ನು ಬಹುತೇಕ ತಂಡಗಳು ಮರೆಯುತ್ತವೆ. ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಯಾರಿಗೆ ಒಂದೂ ಚೀಟಿ ಬಂದಿಲ್ಲ ಎಂದು ಗುರುತು ಹಾಕಿ. ಹತ್ತು ಚೀಟಿ ಬಂದ ಹುಡುಗನಿಗಿಂತ ಒಂದೂ ಬಾರದ ಹುಡುಗಿಗೇ ಆ ದಿನ ಹೆಚ್ಚು ನೆನಪಿರುತ್ತದೆ. ಅಂಥವರಿಗೆ ತಂಡವೇ ಬರೆಯಬೇಕು, ಇದು ಸುಲಭವಲ್ಲ. ಮಾತಾಡದ ಹುಡುಗಿ ಏನು ಮಾಡುತ್ತಿದ್ದಳೆಂದು ನೆನಪಿಸಿಕೊಳ್ಳಲು ಕೂತಾಗಲೇ ಯಾರೂ ಅವಳನ್ನು ನೋಡಿರಲಿಲ್ಲ ಎಂಬುದು ಗೊತ್ತಾಗುವುದು. ಪಕ್ಕದ ಬೆಂಚಿನವರನ್ನು ಕೇಳಿ, ಏನಾದರೂ ಸಿಗುತ್ತದೆ: “ಕೈವಾರ, ಕೋನಮಾಪಕ ಸಾಲ ಕೊಟ್ಟು ಬಡ್ಡಿ ಕೇಳದ ತಾಲ್ಲೂಕಿನ ಏಕೈಕ ಬ್ಯಾಂಕು”. ಒಬ್ಬರಿಗೆ ಒಂದೇ ಚೀಟಿ, ಓದಲು ಅರ್ಧ ನಿಮಿಷ ಎಂದರೆ ಅರವತ್ತು ಮಕ್ಕಳಿಗೆ ಅರ್ಧ ಗಂಟೆ. ಪರೀಕ್ಷೆಯ ಹೊತ್ತಿನಲ್ಲಿ ಇದೆಲ್ಲ ಯಾಕೆ ಎನ್ನುವ ಪೋಷಕರಿಗೆ ಈ ಲೆಕ್ಕ ತೋರಿಸಿ. ಅತಿಥಿಗಳ ಭಾಷಣ ಇದಕ್ಕಿಂತ ಉದ್ದವಿರುತ್ತದೆ.

ಓದುವವರು ಚೀಟಿಗಳನ್ನು ಹಿಂದಿನ ದಿನವೇ ಒಮ್ಮೆ ಗಟ್ಟಿಯಾಗಿ ಓದಿ ನೋಡಲಿ. ತಾನೇ ಮೊದಲು ನಗುವ ಓದುಗ ಸಾಲನ್ನು ಕೆಡಿಸುತ್ತಾನೆ. ಚೀಟಿ ಪಡೆದವರನ್ನು ವೇದಿಕೆಗೆ ಎಳೆಯಬೇಡಿ. ಕೂತಲ್ಲಿಂದಲೇ ಒಂದು ಮಾತಿನ ಉತ್ತರ ಕೊಡಲು ಬಿಡಿ. ಎಷ್ಟೋ ಸಲ ಚೀಟಿಗಿಂತ ಉತ್ತರವೇ ಚೆನ್ನಾಗಿರುತ್ತದೆ. ಫೋನಿನಲ್ಲಿ ಚಿತ್ರೀಕರಣ ಬೇಡವೆಂದು ಮೊದಲೇ ಹೇಳಿ. ತರಗತಿಯೊಳಗೆ ಎಲ್ಲರಿಗೂ ಅರ್ಥವಾಗುವ ಮಾತು ಯಾರದೋ ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹೋದರೆ ಹಿನ್ನೆಲೆ ಕಳಚಿಕೊಂಡು ಬರೀ ಹಂಗಿಸುವಿಕೆಯಾಗಿ ಉಳಿಯುತ್ತದೆ. ಓದಿದ ಚೀಟಿಯನ್ನು ಆಯಾ ಮಕ್ಕಳಿಗೇ ಕೊಡಿ, ಆಟೋಗ್ರಾಫ್ ಪುಸ್ತಕಕ್ಕೆ ಅಂಟಿಸಿಕೊಳ್ಳುತ್ತಾರೆ. ತಿರಸ್ಕರಿಸಿದವುಗಳನ್ನು ಆ ಸಂಜೆಯೇ ಶಿಕ್ಷಕರ ಕೈಯಿಂದ ಹರಿದು ಹಾಕಿಸಿ. ಅವುಗಳಲ್ಲಿ ಒಬ್ಬರ ಮೇಲೇ ಮೂರು ನಾಲ್ಕು ಕಹಿ ಚೀಟಿ ಕಂಡಿದ್ದರೆ, ಬರೆದವರ ಹೆಸರು ಹಿಂದಿದೆಯಲ್ಲ, ಶಿಕ್ಷಕರು ಅವರನ್ನು ಪರೀಕ್ಷೆಗೆ ಮೊದಲೇ ಕರೆದು ಮಾತಾಡಲಿ.