ರಣಹದ್ದುಗಳು ಎಲ್ಲಿ ಹೋದವು?

ಮಕ್ಕಳೇ, ಕೋಳಿಮರಿಯ ಮೇಲೆ ಎರಗುವ ಹದ್ದನ್ನು ನೀವು ನೋಡಿರುತ್ತೀರಿ. ಕೆರೆಯ ಮೇಲೆ ಸುತ್ತುವ ಗರುಡ, ರಾತ್ರಿ ಇಲಿ ಹಿಡಿಯುವ ಗೂಬೆಯೂ ಗೊತ್ತು. ಇವೆಲ್ಲ ಬೇಟೆಗಾರ ಹಕ್ಕಿಗಳು. ಆದರೆ ರಣಹದ್ದನ್ನು ನೋಡಿದ್ದೀರಾ? ನಿಮ್ಮಲ್ಲಿ ಹೆಚ್ಚಿನವರು ನೋಡಿರಲಾರಿರಿ. ನಿಮ್ಮ ಅಜ್ಜ ಅಜ್ಜಿ ಮಾತ್ರ ನೋಡಿರಬಹುದು. ಹಿಂದೆ ಸತ್ತ ದನವನ್ನು ಊರ ಹೊರಗೆ ಹಾಕಿದರೆ ಎಲ್ಲಿಂದಲೋ ರಣಹದ್ದುಗಳ ಹಿಂಡು ಬಂದು, ಸ್ವಲ್ಪ ಹೊತ್ತಿನಲ್ಲೇ ಮೂಳೆ ಮಾತ್ರ ಉಳಿಸಿ ಹೋಗುತ್ತಿತ್ತು.

ರಣಹದ್ದು ಹದ್ದಿನ ಕುಟುಂಬಕ್ಕೇ ಸೇರಿದ್ದು. ಆದರೂ ಅದು ಬೇಟೆಯಾಡುವುದಿಲ್ಲ. ಅದರ ಉಗುರು ಮೊಂಡು, ಕಾಲಿನ ಹಿಡಿತ ಸಾಲದು. ರೆಕ್ಕೆ ಬಿಚ್ಚಿದರೆ ಮಾತ್ರ ತುದಿಯಿಂದ ತುದಿಗೆ ಸುಮಾರು ಎರಡು ಮೀಟರ್! ಬಿಸಿಲಿಗೆ ಕಾದು ಮೇಲೇರುವ ಗಾಳಿಯಲ್ಲಿ ರೆಕ್ಕೆ ಬಡಿಯದೆ ತೇಲುತ್ತಾ, ಸತ್ತ ಪ್ರಾಣಿ ಎಲ್ಲಿದೆ ಎಂದು ಕಣ್ಣಿನಿಂದಲೇ ಹುಡುಕುತ್ತದೆ. ತಲೆ ಮತ್ತು ಕುತ್ತಿಗೆಯಲ್ಲಿ ಗರಿ ಕಡಿಮೆ ಇರುವುದರಿಂದ ರಕ್ತ ಹೆಚ್ಚು ಅಂಟಿಕೊಳ್ಳುವುದಿಲ್ಲ. ಜಠರದ ಆಮ್ಲ ಬಹಳ ಪ್ರಬಲ. ಕೊಳೆತ ಮಾಂಸದಲ್ಲಿರುವ ಅನೇಕ ರೋಗಾಣುಗಳು ಅಲ್ಲಿಯೇ ನಾಶವಾಗುತ್ತವೆ. ನೋಡಲು ಚೆಂದವಿಲ್ಲ, ನಿಜ. ಊರಿಗೆ ಮಾಡುತ್ತಿದ್ದ ಉಪಕಾರ ಮಾತ್ರ ದೊಡ್ಡದು.

1990ರ ದಶಕದಲ್ಲಿ ಈ ಹಕ್ಕಿಗಳು ಸಾಯತೊಡಗಿದವು. 1992ರಲ್ಲಿ ಸಾವಿರ ಇದ್ದ ಕಡೆ 2007ರ ಹೊತ್ತಿಗೆ ಬಿಳಿ ಬೆನ್ನಿನ ರಣಹದ್ದು ಒಂದು ಉಳಿಯಿತು ಎನ್ನುವಷ್ಟು ಕುಸಿತ. ಹೊಸ ರೋಗವೇನಾದರೂ ಬಂದಿತೇ? ವಿಜ್ಞಾನಿಗಳು ಮೊದಲು ಹಾಗೆಯೇ ಶಂಕಿಸಿದ್ದರು. ಪಾಕಿಸ್ತಾನದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೇರೆಯೇ ಉತ್ತರ ಕೊಟ್ಟಿತು. ಕಾರಣ, ದನಗಳ ನೋವು ಮತ್ತು ಬಾವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧ!

ಹಸುವಿನ ನೋವು ಕಳೆಯುವ ಔಷಧ ಹಕ್ಕಿಯನ್ನು ಹೇಗೆ ಕೊಲ್ಲುತ್ತದೆ? ಕಾಗೆಯ ಹಿಕ್ಕೆಯಲ್ಲಿ ಬಿಳಿಯ ಭಾಗವಿರುವುದನ್ನು ಗಮನಿಸಿದ್ದೀರಲ್ಲವೇ? ಅದು ಯೂರಿಕ್ ಆಮ್ಲ. ಹಕ್ಕಿಗಳ ಮೂತ್ರಪಿಂಡ ಇದನ್ನು ರಕ್ತದಿಂದ ಬೇರ್ಪಡಿಸಿ ಹೊರಹಾಕುತ್ತದೆ. ಔಷಧ ಪಡೆದ ಒಂದೆರಡು ದಿನಗಳಲ್ಲಿ ದನ ಸತ್ತರೆ ಅದರ ಮಾಂಸದಲ್ಲಿ ಔಷಧ ಉಳಿದಿರುತ್ತದೆ. ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಡುತ್ತದೆ. ಹೊರಹೋಗಬೇಕಾದ ಯೂರಿಕ್ ಆಮ್ಲ ಸುಣ್ಣದ ಪುಡಿಯಂತೆ ಯಕೃತ್ತು, ಹೃದಯಗಳ ಮೇಲೆ ಕೂರುತ್ತದೆ. ಕೆಲವೇ ದಿನಗಳಲ್ಲಿ ಸಾವು.

ಎಲ್ಲ ದನಗಳಿಗೂ ಈ ಔಷಧ ಕೊಟ್ಟಿರಲಿಲ್ಲವಲ್ಲ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ನೂರು ಸತ್ತ ದನಗಳಲ್ಲಿ ಒಂದರಲ್ಲಿ ವಿಷವಿದ್ದರೂ ಇಷ್ಟು ಹಾನಿಗೆ ಸಾಕು ಎಂದು ಲೆಕ್ಕ ತೋರಿಸಿತು. ಏಕೆಂದರೆ ಒಂದೇ ದನವನ್ನು ಹತ್ತಾರು ಹಕ್ಕಿಗಳು ತಿನ್ನುತ್ತವೆ. ಒಂದು ಜೋಡಿ ಇಡುವುದು ವರ್ಷಕ್ಕೆ ಒಂದೇ ಮೊಟ್ಟೆ. ಸತ್ತಷ್ಟು ಬೇಗ ಹುಟ್ಟಿಬರುವುದು ಸಾಧ್ಯವೇ?

2006ರಲ್ಲಿ ಸರ್ಕಾರ ದನಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ನಿಷೇಧಿಸಿತು. ಆದರೆ ಮನುಷ್ಯರಿಗೆಂದು ಮಾರುವ ದೊಡ್ಡ ಬಾಟಲಿಯ ಔಷಧವನ್ನೇ ಕೆಲವರು ದನಗಳಿಗೆ ಚುಚ್ಚಿದರು. ಹಾಗಾಗಿ 2015ರಲ್ಲಿ ಚುಚ್ಚುಮದ್ದಿನ ಬಾಟಲಿಯನ್ನು 3 ಮಿಲಿಲೀಟರಿಗೆ ಇಳಿಸಲಾಯಿತು. 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್ ಎಂಬ ಇನ್ನೆರಡು ಔಷಧಗಳನ್ನೂ ದನಗಳಿಗೆ ಕೊಡಬಾರದೆಂದು ನಿಷೇಧಿಸಲಾಯಿತು. ಹಾಗಾದರೆ ಹಸು ನೋವು ತಿನ್ನಬೇಕೇ? ಬೇಡ. ಮೆಲಾಕ್ಸಿಕ್ಯಾಮ್ ಎಂಬ ಔಷಧವಿದೆ. ಅದು ಹಸುವಿನ ನೋವನ್ನೂ ಕಳೆಯುತ್ತದೆ, ರಣಹದ್ದಿಗೂ ಅಪಾಯವಿಲ್ಲ. ಮನೆಯ ಹಸುವಿಗೆ ಕಾಯಿಲೆಯಾಗಿ ಪಶು ಆಸ್ಪತ್ರೆಗೆ ಹೋದಾಗ ಈ ಹೆಸರನ್ನು ಡಾಕ್ಟರ ಬಳಿ ಕೇಳಿ. ಔಷಧದ ಅಂಗಡಿಯಿಂದ ನೀವೇ ತಂದು ಚುಚ್ಚಿಸಬೇಡಿ.

ನಮ್ಮ ರಾಜ್ಯದಲ್ಲಿ ಈಗ ರಣಹದ್ದು ಎಲ್ಲಿದೆ? ಬಂಡೀಪುರ, ನಾಗರಹೊಳೆಯ ಕಾಡುಗಳಲ್ಲಿದೆ. ಅಲ್ಲಿ ಸಾಯುವ ಜಿಂಕೆ, ಕಾಟಿಗಳಿಗೆ ಯಾರೂ ಔಷಧ ಚುಚ್ಚಿರುವುದಿಲ್ಲ! ರಾಮನಗರದ ರಾಮದೇವರ ಬೆಟ್ಟದ ಕಡಿದಾದ ಬಂಡೆಗಳಲ್ಲಿ ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟುತ್ತದೆ. 2012ರಲ್ಲಿ ಆ ಬೆಟ್ಟವನ್ನು ರಣಹದ್ದುಗಳ ವನ್ಯಧಾಮವೆಂದು ಘೋಷಿಸಲಾಯಿತು. ಅಲ್ಲಿ ಉಳಿದಿರುವುದು ಬೆರಳೆಣಿಕೆಯ ಹಕ್ಕಿಗಳು ಮಾತ್ರ.

ಮಾಡಿ ನೋಡಿ: ನಿಮ್ಮ ಊರಿನ ಐದು ಮಂದಿ ಹಿರಿಯರನ್ನು ಭೇಟಿ ಮಾಡಿ. ರಣಹದ್ದನ್ನು ಕೊನೆಯ ಬಾರಿ ಎಲ್ಲಿ, ಸುಮಾರು ಯಾವ ವರ್ಷ ನೋಡಿದಿರಿ ಎಂದು ಕೇಳಿ ಬರೆದುಕೊಳ್ಳಿ. ಊರಿನ ನಕ್ಷೆ ಬರೆದು ಆ ಜಾಗಗಳನ್ನು ಗುರುತಿಸಿ. ಸತ್ತ ದನಗಳನ್ನು ಈಗ ಯಾರು ತಿನ್ನುತ್ತಾರೆ ಎಂಬುದನ್ನೂ ಮರೆಯದೆ ಕೇಳಿ. ನಾಯಿಗಳು ಎಂದು ಉತ್ತರ ಬಂದರೆ, ಅದರಿಂದ ಊರಿಗೆ ಏನು ತೊಂದರೆಯಾಗಬಹುದು ಎಂದು ತರಗತಿಯಲ್ಲಿ ಚರ್ಚಿಸಿ.