ಹೊತ್ತವರ ಹೆಸರು ಬರೆದುಕೊಂಡು ಬಾ

ಇಂಡಿ

ತಂಗೆವ್ವಾ,

ಕಿಲಿಮಾಂಜಾರೋ ಹತ್ತುತ್ತೇನೆ, ಆ ನೆಪದಲ್ಲಿ ಕೂಡುವ ದುಡ್ಡಿನಿಂದ ನಮ್ಮ ಕಡೆಯ ಮಕ್ಕಳಿಗೆ ವೀಲ್‌ಚೇರ್ ಕೊಡಿಸುತ್ತೇನೆ ಅಂತ ಬರೆದಿದ್ದೀಯಲ್ಲ, ಓದಿ ಎದೆ ತುಂಬಿ ಬಂತು. ನಿಮ್ಮವ್ವ ಗಾಬರಿಯಾಗಿದ್ದಾಳೆ. ಕಣ್ಣು ಹಾಯಿಸಿದಷ್ಟೂ ಎರೆಹೊಲ ಇರುವ ಸೀಮೆ ನಮ್ಮದು. ಇಲ್ಲಿ ಬೆಳೆದ ಹುಡುಗಿ, ಅದೂ ಕಾಲಿಗೆ ಸ್ವಾಧೀನ ಇಲ್ಲದವಳು, 5,895 ಮೀಟರ್ ಏರುತ್ತಾಳೆಂದರೆ ಹೆತ್ತವಳಿಗೆ ನಿದ್ದೆ ಎಲ್ಲಿಂದ ಬರಬೇಕು? ಅವಳನ್ನು ನಾನು ಸಮಾಧಾನ ಮಾಡುತ್ತೇನೆ. ನೀನು ನನ್ನ ನಾಲ್ಕು ಮಾತು ಕೇಳು.

ಕ್ರಿಸ್ ವಾಡೆಲ್ ಹೆಸರು ನಿನಗೆ ಗೊತ್ತೇ ಇರುತ್ತದೆ. 1988ರಲ್ಲಿ ಸ್ಕೀಯಿಂಗ್ ಮಾಡುವಾಗ ಬಿದ್ದು ಸೊಂಟದ ಕೆಳಗಿನ ಬಲ ಕಳೆದುಕೊಂಡ ಅಮೆರಿಕದ ಹುಡುಗ, ಆಮೇಲೆ ಪ್ಯಾರಾಲಿಂಪಿಕ್ಸ್‌ನಲ್ಲಿ ಪದಕದ ಮೇಲೆ ಪದಕ ಗೆದ್ದ. 2009ರ ಸೆಪ್ಟೆಂಬರ್ ಕೊನೆಗೆ, ಕೈಯಿಂದ ಪೆಡಲ್ ತಿರುಗಿಸುವ ನಾಲ್ಕು ಗಾಲಿಯ ಸೈಕಲ್ಲಿನಲ್ಲಿ ಇದೇ ಪರ್ವತದ ತುದಿ ಮುಟ್ಟಿದ. ಗಾಲಿ ಓಡದ ಕಡೆ ಜೊತೆಗಾರರು ಮುಂದೆ ಹಲಗೆ ಹಾಸಬೇಕು, ಅವನು ದಾಟಬೇಕು, ಹಿಂದಿನ ಹಲಗೆ ಎತ್ತಿ ತಂದು ಮತ್ತೆ ಮುಂದೆ ಹಾಸಬೇಕು. ತುದಿಯ ಸಮೀಪ ಬಂಡೆಗಳು ಅಡ್ಡ ಬಂದಾಗ ಸುಮಾರು ನೂರಡಿ ಅವನನ್ನು ಹೊತ್ತೇ ಒಯ್ಯಬೇಕಾಯಿತು. ಅವನಿಗೆ ಅದು ಸೋಲೆನಿಸಿತು. ಆದರೂ ಆ ನೂರಡಿಯನ್ನು ಮುಚ್ಚಿಡಲಿಲ್ಲ. ಬೆಟ್ಟವನ್ನು ಯಾರೂ ಒಬ್ಬರೇ ಹತ್ತುವುದಿಲ್ಲ ಅಂತ ಹೋದಲ್ಲೆಲ್ಲ ಹೇಳುತ್ತ ಬಂದ. ಅವನು ತುದಿ ಮುಟ್ಟಿದ್ದಕ್ಕಿಂತ ಈ ಮಾತಿಗೆ ನಾನು ಹೆಚ್ಚು ಕೈಮುಗಿಯುತ್ತೇನೆ. ನಿನ್ನನ್ನೂ ಎಲ್ಲಾದರೂ ಹೊರಬೇಕಾದೀತು. ಸಂಕೋಚಪಡಬೇಡ. ಹೊತ್ತವರ ಹೆಸರು ಬರೆದುಕೊಂಡು ಬಾ. ಊರವರು ಶಾಲು ಹೊದಿಸಿದ ದಿನ ಮೊದಲು ಅವನ್ನು ಓದು.

ಮೈ ಜೋಪಾನ. ಸ್ಪರ್ಶವಿಲ್ಲದ ಕಡೆ ಹುಣ್ಣಾದರೂ, ಚಳಿಗೆ ಬೆರಳು ಸೆಟೆದರೂ ನಿನಗೆ ತಿಳಿಯುವುದಿಲ್ಲ. ರಾತ್ರಿ ಡೇರೆಯಲ್ಲಿ ಕನ್ನಡಿ ಹಿಡಿದು ನೋಡಿಕೊ. ಮೂತ್ರದ ರಗಳೆಗೆ ಹೆದರಿ ನೀರು ಬಿಡಬೇಡ. ಅಲ್ಲಿ ತುದಿಯಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಇಲ್ಲಿಯದರ ಅರ್ಧದಷ್ಟು. ತಲೆಸಿಡಿತ, ವಾಂತಿ ಜೋರಾದರೆ ತುದಿ ಕಣ್ಣೆದುರೇ ಇದ್ದರೂ ಇಳಿದುಬಿಡು.

ಇನ್ನು ದುಡ್ಡು. ನಿನ್ನ ವಿಮಾನ, ಗೈಡು, ಹಮಾಲರ ಖರ್ಚು ಒಂದು ಖಾತೆಗೆ, ಮಕ್ಕಳ ದುಡ್ಡು ಇನ್ನೊಂದಕ್ಕೆ. ಲಿಂಬೆಹಣ್ಣು ಮಾರಿ ನೂರು ರೂಪಾಯಿ ಕೊಟ್ಟ ರೈತನಿಗೆ ತನ್ನ ನೂರು ಎಲ್ಲಿಗೆ ಹೋಯಿತು ಅಂತ ತಿಳಿಯಬೇಕು. ಎಲ್ಲರಿಗೂ ಒಂದೇ ಅಳತೆಯ ಆಸ್ಪತ್ರೆ ಕುರ್ಚಿ ಹಂಚಿ ಫೋಟೋ ತೆಗೆಸಬೇಡ. ಅಗಲ ಸೀಟಿನಲ್ಲಿ ಸಣ್ಣ ಮಗು ಒಂದೇ ಬದಿಗೆ ವಾಲಿ ಕೂತು ಬೆನ್ನು ಸೊಟ್ಟಗಾಗುತ್ತದೆ. ಮುಂದಿನ ಪುಟ್ಟ ಗಾಲಿ ಎರೆಮಣ್ಣಿನಲ್ಲಿ ಹೂತುಕೊಳ್ಳುತ್ತದೆ. ಮಳೆ ಬಿದ್ದರಂತೂ ಮಣ್ಣು ಗಾಲಿಯ ಸಂದಿಗೆ ಮೆತ್ತಿ, ಕಡ್ಡಿಯಿಂದ ಕೆರೆದು ತೆಗೆಯುವತನಕ ಅದು ತಿರುಗುವುದಿಲ್ಲ. ಬೇರಿಂಗ್ ಹೋಯಿತೋ, ರಿಪೇರಿಗೆ ಜನವಿಲ್ಲ. ಕೊನೆಗೆ ಪಡಸಾಲೆಯ ಮೂಲೆಯಲ್ಲಿ ಜೋಳದ ಚೀಲ ಹೇರಿಕೊಂಡು ನಿಂತ ಕುರ್ಚಿಗಳನ್ನು ನೋಡಿದ್ದೇನೆ, ಅವುಗಳ ಪಕ್ಕದಲ್ಲೇ ನೆಲದ ಮೇಲೆ ತೆವಳುವ ಮಗುವನ್ನೂ. ಬಸವಣ್ಣ ಹುಟ್ಟಿದ ಬಾಗೇವಾಡಿ ನಮ್ಮ ಜಿಲ್ಲೆಯದೇ. ಅವನು ಹೇಳಿದ ದಾಸೋಹದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ ಅಂತಿಲ್ಲ. ಮಗುವಿಗೆ ಏನು ಬೇಕೆಂದು ಆ ಮಗುವನ್ನೇ ಕೇಳು.

ಬೆಂಗಳೂರಿನಲ್ಲೇ ಇದ್ದೀಯ, ಸಾಧ್ಯವಾದರೆ ಮಾಲತಿ ಹೊಳ್ಳ ಅವರನ್ನು ಕಾಣು. ಕೂಸಿದ್ದಾಗಲೇ ಪೋಲಿಯೋ ತಗಲಿ, ಮದರಾಸಿನ ಚಿಕಿತ್ಸಾ ಕೇಂದ್ರದಲ್ಲೇ ಬಾಲ್ಯ ಕಳೆದವರು. ಬ್ಯಾಂಕ್ ನೌಕರಿ ಮಾಡುತ್ತಲೇ ವೀಲ್‌ಚೇರ್ ಓಟ, ಜಾವೆಲಿನ್, ಗುಂಡು ಎಸೆತದಲ್ಲಿ ದೇಶಕ್ಕಾಗಿ ಆಡಿದರು. 2001ರಲ್ಲಿ ಪದ್ಮಶ್ರೀ ಬಂತು. ಆದರೆ ಅವರನ್ನು ನೀನು ಕೇಳಬೇಕಾದದ್ದು ಪದಕದ ಕತೆಯಲ್ಲ. ಗೆಳೆಯರೊಂದಿಗೆ ಕಟ್ಟಿದ ಮಾತೃ ಫೌಂಡೇಷನ್‌ನಲ್ಲಿ ಹಳ್ಳಿಗಳ ಅಂಗವಿಕಲ ಮಕ್ಕಳನ್ನು ಇಟ್ಟುಕೊಂಡು ಓದಿಸುತ್ತ ಬಂದಿದ್ದಾರಲ್ಲ, ಸುದ್ದಿ ಹಳೆಯದಾದ ಮೇಲೂ ಆ ಮನೆಯ ಒಲೆ ಹೇಗೆ ಉರಿಯುತ್ತದೆ, ಅದನ್ನು ಕೇಳು.

ನಾಗರಪಂಚಮಿಗೆ ಬರುವಾಗ ನಿನ್ನ ಫಿಸಿಯೋಥೆರಪಿ ಗೆಳತಿಯನ್ನೂ ಕರೆತಾ. ಸಿಂದಗಿ, ಮುದ್ದೇಬಿಹಾಳದ ಕಡೆಯ ಮನೆಗಳಿಗೆ ಹೋಗಿ ಒಂದೊಂದು ಮಗುವಿನ ಅಳತೆ ತೆಗೆದುಕೊಳ್ಳೋಣ. ಇಲ್ಲಿಯ ಸೈಕಲ್ ಅಂಗಡಿಯ ಹುಡುಗನ ಹತ್ತಿರ ಮಾತಾಡಿದ್ದೇನೆ. ವೀಲ್‌ಚೇರ್ ರಿಪೇರಿ ಕಲಿಯಲು ಒಪ್ಪಿದ್ದಾನೆ. ಅವನಿಗೆ ತಿಂಗಳಿಗೆ ಎಷ್ಟು ಕೊಡೋಣ, ಲೆಕ್ಕ ಹಾಕಿ ತಿಳಿಸು.

ನಿನ್ನ ಕಾಕಾ